ನೀಲಿ ಡ್ರಮ್ಮಿನೊಳಗಿನ ತಂಪು

ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬಳೇ ಇರುವ ನನ್ನ ಹತ್ತಿರ ಹತ್ತು ಲೀಟರು ಹಿಡಿಸುವ ಒಂದು ಸ್ಟೀಲಿನ ಪೀಪಾಯಿ ಇದೆ. ನನಗೆ ದಿನಕ್ಕೆ ಅರ್ಧ ಲೀಟರು ಹಾಲು ಸಾಕು, ಅದರಲ್ಲೂ ಉಳಿದದ್ದಕ್ಕೆ ಹೆಪ್ಪು ಹಾಕುತ್ತೇನೆ. ಇಂಥವಳಿಗೆ ಹತ್ತು ಲೀಟರಿನ ಪೀಪಾಯಿ ಯಾಕೆ ಎಂದು ನೀವು ಕೇಳಬಹುದು. ಇಲ್ಲಿ ಯಾರೂ ಕೇಳುವುದಿಲ್ಲ ಎಂಬುದೇ ನನ್ನ ತೊಂದರೆ. ಕೇಳಬೇಕಾದರೆ ಯಾರಾದರೂ ಮನೆಗೆ ಬರಬೇಕಲ್ಲ.

ಪೀಪಾಯಿ ಶೆಟ್ಟರು ಕೊಟ್ಟದ್ದು. ಸಾಂತಾಕ್ರೂಜಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಅವರು ಮೂರನೇ ಮಾಳಿಗೆ, ನಾನು ಎರಡನೆಯದು. ಅವರು ಮ್ಯಾನೇಜರಾಗಿದ್ದ ಹೋಟೆಲು ಮುಚ್ಚಿದಾಗ ಬಾರಿನ ಸಾಮಾನುಗಳ ನಡುವೆ ಈ ಕುಳ್ಳ ಪೀಪಾಯಿ ಉಳಿದುಹೋಗಿತ್ತಂತೆ. ನಾನು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಬೇರೆಯವರ ಕಷಾಯಗಳನ್ನು ಅಳೆದವಳು. ನಿವೃತ್ತಿಯ ಮೇಲೆ ನನ್ನದೇ ಒಂದು ಕಷಾಯ ಇರಲಿ ಎನಿಸಿತು. ಶುಂಠಿ, ಸಕ್ಕರೆ, ಲಿಂಬೆ, ಮೂರು ದಿನದ ಹುಳಿ. ಬಳಿಕ ಪೀಪಾಯಿಗೆ ತುಂಬಿ ಮುಚ್ಚಿದರೆ ಒಳಗೇ ಗ್ಯಾಸು ಹುಟ್ಟುತ್ತದೆ. ಇದನ್ನು ಶುಂಠಿ ಬಿಯರ್ ಎನ್ನುತ್ತಾರೆ. ಹೆಸರಿಗೆ ಮಾತ್ರ ಬಿಯರ್. ಕುಡಿದವರಿಗೆ ಬರುವುದು ಅಮಲಲ್ಲ, ತೇಗು. ಆದರೂ ಧಾರವಾಡದಲ್ಲಿರುವ ನನ್ನ ತಂಗಿ ಈ ಸುದ್ದಿಯನ್ನು ತನ್ನ ಅತ್ತೆಯ ಕಿವಿಗೆ ಬೀಳದಂತೆ ಇಂದಿಗೂ ಕಾಪಾಡಿಕೊಂಡು ಬಂದಿದ್ದಾಳೆ.

ಈ ಪೀಪಾಯಿಯದೊಂದು ಹಟವಿದೆ. ಅದು ತಣ್ಣಗಿರಬೇಕು. ಬೆಚ್ಚಗಿದ್ದರೆ ನಲ್ಲಿ ತಿರುಗಿಸಿದಾಗ ಬರುವುದು ಬರೀ ನೊರೆ. ನನ್ನ ಪುಟ್ಟ ಫ್ರಿಜ್ಜಿನಲ್ಲಿ ಅದು ಹಿಡಿಸುತ್ತಿರಲಿಲ್ಲ. ಮೊದಲ ಮಾಳಿಗೆಯ ಗುಜರಾತಿ ನೆರೆಯಾಕೆ ಹಂಸಾಬೆನ್ ಮನೆಯಲ್ಲಿ ಎರಡು ಫ್ರಿಜ್ಜುಗಳಿದ್ದವು. ಒಂದು ಹೊಸದು, ಇನ್ನೊಂದು ಅವರ ಮದುವೆಯಷ್ಟೇ ಹಳೆಯದು. ಹಳೆಯದರ ಕೆಳಗಿನ ಎರಡು ತಟ್ಟೆಗಳನ್ನು ತೆಗೆದು ಬೆನ್ ಪೀಪಾಯಿಗೆ ಜಾಗ ಮಾಡಿಕೊಟ್ಟರು. ಶನಿವಾರ ಬೆಳಿಗ್ಗೆ ಪೀಪಾಯಿ ಮೆಟ್ಟಿಲಿಳಿದು ಅವರ ಮನೆಗೆ ಹೋಗುತ್ತಿತ್ತು, ಸಂಜೆ ಐದಕ್ಕೆ ಟೆರೇಸು ಹತ್ತುತ್ತಿತ್ತು. ಹಿಂದೆಯೇ ಹನ್ನೆರಡು ಮನೆಗಳವರು ತಮ್ಮ ತಮ್ಮ ಲೋಟ ಹಿಡಿದು ಬರುತ್ತಿದ್ದರು. ಬೆನ್ ಢೋಕ್ಲಾ ತರುತ್ತಿದ್ದರು. ಶೆಟ್ಟರು ನಲ್ಲಿಯ ಬಳಿ ನಿಂತು, ಇದು ತಮ್ಮದೇ ಬಾರು ಎಂಬ ಗತ್ತಿನಲ್ಲಿ ಬಡಿಸುತ್ತಿದ್ದರು. ನಾನು ಒಬ್ಬಳೇ ಇರುವವಳು ಎಂಬುದು ಆ ಬಿಲ್ಡಿಂಗಿನಲ್ಲಿ ನನಗೆ ಎಷ್ಟೋ ವರ್ಷ ತಿಳಿದೇ ಇರಲಿಲ್ಲ.

ಆಮೇಲೆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಯಿತು. ಕೆಡವಿ ಕಟ್ಟಲು ಮೂರು ವರ್ಷ ಎಂದಿದ್ದರು. ಈಗ ನಾಲ್ಕನೆಯದು ನಡೆಯುತ್ತಿದೆ. ಎಲ್ಲರೂ ಬಾಡಿಗೆ ಮನೆ ಸಿಕ್ಕ ಕಡೆ ಹೋದರು. ಶೆಟ್ಟರು ವಸಾಯಿಗೆ, ಹಂಸಾಬೆನ್ ಮುಲುಂಡಿಗೆ, ಉಳಿದವರು ಡೊಂಬಿವಲಿ, ಬೋರಿವಲಿ, ನವಿ ಮುಂಬೈ ಎಂದು. ನಾನು ವಿಕ್ರೋಳಿಗೆ ಬಂದೆ, ಹಳೆಯ ಕಾರ್ಖಾನೆಯ ದಾರಿ ಪರಿಚಯವಿದೆ ಎಂಬ ಒಂದೇ ಕಾರಣಕ್ಕೆ. ಹದಿನಾರನೇ ಮಾಳಿಗೆ. ಕಿಟಕಿ ಮುಚ್ಚಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ ಎಂದು ಏಜೆಂಟ್ ಹೆಮ್ಮೆಯಿಂದ ಹೇಳಿದ್ದ. ನಿಜ, ಬರುವುದಿಲ್ಲ. ಪಕ್ಕದ ಮನೆಯವರ ಕುಕ್ಕರ್ ಎಷ್ಟು ಸೀಟಿ ಹೊಡೆಯುತ್ತದೆ ಎಂದು ನನಗೆ ಈವತ್ತಿಗೂ ಗೊತ್ತಿಲ್ಲ. ಬಿಲ್ಡಿಂಗಿನ ಗೆಳೆತನವೆಲ್ಲ ಈಗ 'ಟೆರೇಸ್' ಎಂಬ ವಾಟ್ಸಾಪ್ ಗ್ರೂಪು. ಅದರಲ್ಲಿ ಹಬ್ಬಗಳಿಗೆ ದೀಪಗಳ ಚಿತ್ರ ಬರುತ್ತದೆ, ಉಳಿದ ದಿನ ಸೂರ್ಯೋದಯದ್ದು.

ಒಮ್ಮೆ ಒಬ್ಬಳಿಗಾಗಿಯೇ ಪೀಪಾಯಿ ತುಂಬಿಸಿ ನೋಡಿದೆ. ಒಂಬತ್ತು ದಿನ ಕುಡಿದೆ. ಐದನೆಯ ದಿನಕ್ಕೆ ಗ್ಯಾಸು ಹೋಗಿ ಅದು ಸಿಹಿ ಶುಂಠಿ ನೀರಾಗಿತ್ತು. ಬಾಟಲಿಯಲ್ಲಿ ಮಾಡಬಾರದೇ ಎಂದು ತಂಗಿ ಕೇಳಿದಳು. ಮಾಡಬಹುದು. ಆದರೆ ಬಾಟಲಿಯಲ್ಲಿ ಮಾಡುವುದೆಂದರೆ ಇನ್ನು ಯಾರೂ ಬರುವುದಿಲ್ಲ ಎಂದು ನಾನೇ ಬರೆದುಕೊಟ್ಟಂತೆ. ಅಷ್ಟು ಧೈರ್ಯ ನನಗೆ ಇರಲಿಲ್ಲ.

ಹಾಗಾಗಿ ಈ ಬೇಸಿಗೆಯಲ್ಲಿ ಗ್ರೂಪಿನಲ್ಲಿ ಬರೆದೆ: ಬರುವ ಶನಿವಾರ ಸಂಜೆ ಐದಕ್ಕೆ, ನಮ್ಮ ಬಿಲ್ಡಿಂಗಿನ ಗೇಟಿನ ಮುಂದೆ, ಪೀಪಾಯಿ ಬರುತ್ತದೆ, ಲೋಟ ತನ್ನಿ. ಹತ್ತೇ ನಿಮಿಷದಲ್ಲಿ ಹೆಬ್ಬೆರಳುಗಳು ಎದ್ದವು. ಸಂಜೆಯೊಳಗೆ ಹನ್ನೊಂದು ಮನೆಗೆ ಹನ್ನೊಂದು ಹೆಬ್ಬೆರಳು. ಅವನ್ನು ಎಷ್ಟು ಸಲ ಎಣಿಸಿದೆ ಎಂದು ಹೇಳಿದರೆ ನೀವು ನಗುತ್ತೀರಿ.

ಈಗ ಪ್ರಶ್ನೆ, ಮೇ ತಿಂಗಳ ಬಿಸಿಲಿನಲ್ಲಿ ಪೀಪಾಯಿಯನ್ನು ತಣ್ಣಗೆ ಸಾಂತಾಕ್ರೂಜಿಗೆ ಮುಟ್ಟಿಸುವುದು ಹೇಗೆ? ಅಂಗಡಿಯಲ್ಲಿ ಸಿಗುವ ಐಸ್ ಪೆಟ್ಟಿಗೆಗಳು ನನ್ನ ಪೀಪಾಯಿಗೆ ಒಂದೋ ಗಿಡ್ಡ, ಇಲ್ಲವೇ ನನ್ನ ಪೆನ್ಷನ್ನಿಗೆ ಎತ್ತರ. ನಾನೇ ಮಾಡಲು ಹೊರಟೆ. ಮುಂಬೈಯ ಯಾವ ಮನೆಯಲ್ಲಾದರೂ ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇರುತ್ತದೆ. ಅದರೊಳಗೆ ಒಂದು ದೊಡ್ಡ ಬಕೆಟ್ಟು, ಬಕೆಟ್ಟಿನೊಳಗೆ ಪೀಪಾಯಿ ಮತ್ತು ಐಸು. ಡ್ರಮ್ಮಿಗೂ ಬಕೆಟ್ಟಿಗೂ ನಡುವಿನ ಜಾಗಕ್ಕೆ ಥರ್ಮೋಕೋಲು. ಥರ್ಮೋಕೋಲು ಲಿಫ್ಟಿನ ಬಳಿ ಧಾರಾಳವಾಗಿ ಸಿಗುತ್ತದೆ, ಹೊಸ ಟಿವಿ ತಂದವರು ಖಾಲಿ ಪೆಟ್ಟಿಗೆಯನ್ನು ಅಲ್ಲೇ ಇಡುತ್ತಾರೆ. ನನ್ನ ನೆರೆಯವರ ಬಗ್ಗೆ ನನಗೆ ಖಚಿತವಾಗಿ ತಿಳಿದಿರುವುದು ಅವರವರ ಟಿವಿಯ ಅಳತೆ ಒಂದೇ. ಮುಚ್ಚಳದ ಅಡಿಗೆ ನನ್ನ ಯೋಗದ ಚಾಪೆಯನ್ನು ದುಂಡಗೆ ಕತ್ತರಿಸಿ ಅಂಟಿಸಿದೆ. ಆ ಚಾಪೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಕೆಳಗೆ ಗ್ಯಾಸ್ ಸಿಲಿಂಡರ್ ಇಡುವ ಚಕ್ರದ ಸ್ಟ್ಯಾಂಡು, ಎಳೆಯಲು ಹಳೆಯ ಸೂಟ್‌ಕೇಸಿನ ಪಟ್ಟಿ. ಕೊನೆಗೆ, ಕರಗಿದ ನೀರು ಹೊರಗೆ ಹೋಗಲಿ ಎಂದು ಬಕೆಟ್ಟು, ಡ್ರಮ್ಮು ಎರಡರ ತಳದಲ್ಲೂ ರಂಧ್ರ ಕೊರೆದು ಒಂದು ಸಣ್ಣ ನಲ್ಲಿ ಕೂರಿಸಿದೆ. ಆ ನಲ್ಲಿಯ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಕೆಲಸ ಮಾಡುತ್ತ ನನ್ನ ಶಾಲೆಯ ವಿಜ್ಞಾನದ ಮೇಷ್ಟರು ನೆನಪಾದರು. ತಂಪು ಎಂಬ ವಸ್ತುವೇ ಲೋಕದಲ್ಲಿ ಇಲ್ಲ, ಇರುವುದು ಬಿಸಿ ಮಾತ್ರ, ಅದು ಕಡಿಮೆಯಾದರೆ ನಾವು ತಂಪು ಎನ್ನುತ್ತೇವೆ ಎಂದು ಅವರು ಹೇಳುತ್ತಿದ್ದರು. ಹಾಗಾದರೆ ಥರ್ಮೋಕೋಲು ತಂಪನ್ನು ಕಾಪಾಡುವುದಿಲ್ಲ, ಬಿಸಿಯನ್ನು ಬಾಗಿಲಲ್ಲೇ ತಡೆಯುತ್ತದೆ, ಅಷ್ಟೆ. ಒಳಗಿದ್ದದ್ದು ಒಳಗೆ, ಹೊರಗಿದ್ದದ್ದು ಹೊರಗೆ. ಹದಿನಾರನೇ ಮಾಳಿಗೆಯ ನನ್ನ ಹಜಾರದಲ್ಲಿ, ಮುಚ್ಚಿದ ಕಿಟಕಿಗಳ ನಡುವೆ ಕೂತು ಇದನ್ನು ಯೋಚಿಸುವಾಗ ಮನಸ್ಸಿಗೆ ಅಷ್ಟೇನೂ ಹಿತವಾಗಲಿಲ್ಲ.

ಶುಕ್ರವಾರ ಪರೀಕ್ಷೆ ಮಾಡಿದೆ. ನಾಲ್ಕು ಗಂಟೆ ಕಳೆದರೂ ಪೀಪಾಯಿ ಉಗುರು ಬೆಚ್ಚಗೇ ಇತ್ತು. ಅರ್ಧ ಗಂಟೆಗೊಮ್ಮೆ ನಲ್ಲಿ ಬಿಚ್ಚಿ ಕರಗಿದ ನೀರನ್ನು ಒಂದು ಹನಿಯೂ ಬಿಡದೆ ಬಸಿದಿದ್ದೆ. ನಿಂತ ನೀರನ್ನು ಕಂಡರೆ ಆಗದವಳು ನಾನು. ಹಳೆಯ ಬಿಲ್ಡಿಂಗಿನಲ್ಲಿ ಡೆಂಗ್ಯೂ ಕಾಲ ಬಂದರೆ ಮಹಾನಗರಪಾಲಿಕೆಯವರು ಬರುವ ಮೊದಲೇ ಎಲ್ಲರ ಹೂಕುಂಡಗಳ ತಟ್ಟೆಗಳನ್ನು ಬಗ್ಗಿಸಿ ಬರುತ್ತಿದ್ದದ್ದು ನಾನೇ. ಅದಕ್ಕೇ ನನ್ನ ಬುದ್ಧಿ ನಲ್ಲಿಯ ಕಡೆ ಹೋಗಲಿಲ್ಲ. ತಪ್ಪು ಥರ್ಮೋಕೋಲಿನದೇ ಎಂದು ತೀರ್ಮಾನಿಸಿ ಇನ್ನೊಂದು ಪದರ ತುರುಕಿದೆ.

ಶನಿವಾರ ಮಧ್ಯಾಹ್ನ ಹೊಸ ಐಸು ತುಂಬಿಕೊಂಡು ವಿಕ್ರೋಳಿ ಸ್ಟೇಶನ್ನಿಗೆ ಹೋದೆ. ಈ ಗಾತ್ರದ ಡ್ರಮ್ಮನ್ನು ಲೋಕಲ್ ಟ್ರೇನಿನ ಮಹಿಳೆಯರ ಡಬ್ಬಿಯಲ್ಲಿ ಹತ್ತಿಸಿದರೆ ಬದುಕಿ ಇಳಿಯುವ ಖಾತ್ರಿಯಿಲ್ಲ, ಲಗೇಜ್ ಡಬ್ಬಿಯೇ ಗತಿ. ಅಲ್ಲಿ ಖಾಲಿ ಬುಟ್ಟಿಗಳ ನಡುವೆ ಮೀನು ಮಾರುವ ಒಬ್ಬ ಹೆಂಗಸು, ಇಲ್ಲಿಯವರ ಮಾತಿನಲ್ಲಿ ಮೀನಿನ ಬಾಯಿ, ಕಾಲು ಚಾಚಿ ಕೂತಿದ್ದಳು. ನನ್ನ ವಯಸ್ಸಿನವಳೇ. ಘಾಟ್ಕೋಪರ್ ದಾಟಿದ ಮೇಲೆ ನಾನು ನಲ್ಲಿಗೆ ಬಾಟಲಿ ಹಿಡಿದು ನೀರು ಬಸಿಯುತ್ತಿರುವುದನ್ನು ಆಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾರದೆ ಕೇಳಿದಳು.

"ಪಾಣೀ ಕಶಾಲಾ ಕಾಢತೇಸ್ ಗ ಬಾಯಿ?"

ನೀರು ಯಾಕೆ ತೆಗೆಯುತ್ತೀ ಎಂದು. ಐಸು ಇರಬೇಕು, ನೀರು ಇರಬಾರದು ಎಂದು ನನ್ನ ಮರಾಠಿಯಲ್ಲಿ ವಿವರಿಸಿದೆ. ಆಕೆ ಎದ್ದು ಬಂದು ಮುಚ್ಚಳ ತೆಗೆದಳು, ಕೈ ಹಾಕಿದಳು, ಐಸಿನ ಗಡ್ಡೆಗಳ ನಡುವಿನ ಖಾಲಿ ಜಾಗಗಳನ್ನು ಬೆರಳಿನಿಂದ ತೋರಿಸಿದಳು. ಐಸಿನ ಗಡ್ಡೆ ನಿನ್ನ ಪೀಪಾಯಿಯನ್ನು ಮುಟ್ಟುವುದು ಅಲ್ಲೊಂದು ಕಡೆ, ಇಲ್ಲೊಂದು ಕಡೆ. ನಡುವೆ ಇರುವುದೆಲ್ಲ ಗಾಳಿ. ನೀರಿದ್ದರೆ ಸುತ್ತಲೂ ಮುಟ್ಟುತ್ತದೆ. ಕರಗಿದ್ದೂ ಐಸೇ, ಅದನ್ನು ಹೊರಗೆ ಚೆಲ್ಲುತ್ತ ಕೂತಿದ್ದೀಯಲ್ಲ. ಇಷ್ಟು ಹೇಳಿ, ನಾನು ಬಸಿದಿದ್ದ ಬಾಟಲಿಯನ್ನು ಕಸಿದುಕೊಂಡು ನೀರನ್ನು ವಾಪಸು ಸುರಿದಳು. ಸಾಲದೆಂದು ತನ್ನ ಕುಡಿಯುವ ನೀರನ್ನೂ ಸುರಿದಳು. ಮೂವತ್ತು ವರ್ಷ ಲ್ಯಾಬಿನಲ್ಲಿದ್ದವಳು ನಾನು. ನಲ್ಲಿಯನ್ನು ಬಿಗಿ ಮಾಡಿದೆ. ದಾದರಿನಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತುವಾಗ ಪಟ್ಟಿಯ ಇನ್ನೊಂದು ತುದಿಯನ್ನು ಆಕೆಯೇ ಹಿಡಿದಳು.

ಸಾಂತಾಕ್ರೂಜ್ ತಲುಪುವ ಹೊತ್ತಿಗೆ ಪೀಪಾಯಿ ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಾಗಿತ್ತು. ಬಿಲ್ಡಿಂಗಿದ್ದ ಜಾಗದಲ್ಲಿ ತಗಡಿನ ಬೇಲಿ, ಬೇಲಿಯಾಚೆ ಕಬ್ಬಿಣದ ಸರಳುಗಳು. ಗೇಟಿನ ಪಕ್ಕ ಡ್ರಮ್ಮು ನಿಲ್ಲಿಸಿ ನಿಂತೆ. ಐದಾಯಿತು. ಐದೂಕಾಲಾಯಿತು. ಐದೂವರೆಗೆ ಶೆಟ್ಟರು ಆಟೋದಿಂದ ಇಳಿದರು, ಕೈಯಲ್ಲಿ ತಮ್ಮ ಹಳೆಯ ಹಿತ್ತಾಳೆ ಲೋಟ. ಮತ್ತೆ ಯಾರೂ ಬರಲಿಲ್ಲ. ಫೋನಿನಲ್ಲಿ ಒಂದೊಂದೇ ಸಂದೇಶ ಬಂತು: ನೆಂಟರು ಬಂದಿದ್ದಾರೆ, ಟ್ರೇನು ತಡ, ಮುಂದಿನ ಸಲ ಪಕ್ಕಾ.

"ಅಲ್ರೀ ಶೆಟ್ಟರ, ಹನ್ನೊಂದು ಮಂದಿ ಹೆಬ್ಬಟ್ಟು ಎತ್ತಿದ್ರಲ್ರೀ," ಎಂದೆ. ನನಗೆ ಅಳು ಬಂದಿತ್ತು, ಮರೆಮಾಚುವುದೇನು.

"ಎಂತ ಮಾಡುದು ಸುಧಕ್ಕ. ಬರುದಿಲ್ಲ ಅಂತ ಬರೀಲಿಕ್ಕೆ ಯಾರಿಗೂ ಮನಸ್ಸು ಬರುದಿಲ್ಲ," ಎಂದರು ಶೆಟ್ಟರು. ಪೀಪಾಯಿಯ ನಲ್ಲಿ ತಿರುಗಿಸಿ ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿ ತೇಗಿದರು. "ತಂಪು ಭಾರೀ ಲಾಯ್ಕ ಉಂಟು."

ಇಬ್ಬರೂ ಎರಡೆರಡು ಲೋಟ ಕುಡಿದೆವು, ಗೇಟಿನ ವಾಚ್‌ಮನ್ನಿಗೆ ಒಂದು ಕೊಟ್ಟೆವು. ಇನ್ನೂ ಎಂಟು ಲೀಟರಿನ ಮೇಲೆ ಉಳಿಯಿತು. ಇದನ್ನೇನು ಮಾಡಲಿ ಎಂದೆ.

"ಬೆನ್ ಹತ್ರ ಕೊಂಡೋಗಿ. ಅವರಿಗೆ ಮೊಣಗಂಟಿನ ಆಪರೇಷನ್ ಆಗಿ ಮೆಟ್ಟಿಲು ಇಳೀಲಿಕ್ಕೆ ಆಗುದಿಲ್ಲ. ನಿಮಗೆ ಗೊತ್ತಿಲ್ವಾ? ನಿಮ್ಮಲ್ಲಿಂದ ಮುಲುಂಡ್ ಎಷ್ಟು ಸ್ಟೇಶನ್?"

ನಾಲ್ಕು. ವಿಕ್ರೋಳಿಯಿಂದ ಮುಲುಂಡಿಗೆ ನಾಲ್ಕೇ ಸ್ಟೇಶನ್ನು. ಮೂರು ವರ್ಷಕ್ಕೂ ಮೇಲೆ ಯಾರೂ ನನ್ನ ಮನೆಗೆ ಬರಲಿಲ್ಲ ಎಂದು ಗೋಡೆಗಳ ಎದುರು ದೂರು ಹೇಳುತ್ತಿದ್ದ ನಾನು ಆ ನಾಲ್ಕು ಸ್ಟೇಶನ್ನುಗಳನ್ನು ಒಮ್ಮೆಯೂ ದಾಟಿರಲಿಲ್ಲ. ಬೆನ್ ಮೊಣಕಾಲಿನ ಸುದ್ದಿ ವಸಾಯಿಯವರಿಗೆ ಗೊತ್ತು, ನನಗಿಲ್ಲ. ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಡ್ರಮ್ಮಿಗೆ ಇನ್ನಷ್ಟು ಐಸು ಹಾಕಿ, ಹಿಂದಿನ ದಿನದ ನೀರನ್ನು ಹಾಗೇ ಬಿಟ್ಟು, ಮುಲುಂಡಿಗೆ ಹೋದೆ. ಬಾಡಿಗೆಯದು ಎರಡೇ ಕೋಣೆಯ ಮನೆ. ಬೆನ್ ಕೋಲು ಊರಿಕೊಂಡು ಬಾಗಿಲು ತೆರೆದರು. ನನ್ನನ್ನು ನೋಡಿದರು, ಡ್ರಮ್ಮನ್ನು ನೋಡಿದರು.

"ಯೇ ಕ್ಯಾ ಉಠಾಕೆ ಲಾಯೀ, ಸುಧಾ?"

ಇದೇನು ಹೊತ್ತು ತಂದಿದ್ದೀ ಎಂದು. ತಂಪು ಮಾಡುವ ಪೆಟ್ಟಿಗೆ, ನಾನೇ ಮಾಡಿದ್ದು ಎಂದೆ. ಥರ್ಮೋಕೋಲಿನಿಂದ ಹಿಡಿದು ಮೀನಿನ ಬಾಯಿಯ ಪಾಠದವರೆಗೆ ಹೇಳಬೇಕೆಂದಿದ್ದೆ. ಬೆನ್ ಕೇಳಿಸಿಕೊಳ್ಳಲಿಲ್ಲ. ಮಂಚ, ಕಪಾಟು, ಗೋಧಿಯ ಡಬ್ಬಗಳ ನಡುವೆ ದಾರಿ ಮಾಡಿಕೊಂಡು ಮೂಲೆಗೆ ಹೋದರು. ಅಲ್ಲಿ ಆ ಹಳೆಯ ಫ್ರಿಜ್ಜು ನಿಂತಿತ್ತು. ಮನೆಗೆ ಈಗ ಅದೊಂದೇ, ಹೊಸದನ್ನು ಇಡಲು ಇಲ್ಲಿ ಜಾಗವಿಲ್ಲವೆಂದು ಮಗಳಿಗೆ ಕೊಟ್ಟಿದ್ದರಂತೆ. ಬೆನ್ ಅದರ ಬಾಗಿಲು ತೆರೆದರು. ಮೇಲಿನ ತಟ್ಟೆಯಲ್ಲಿ ಹಾಲು, ತರಕಾರಿ, ಹಿಟ್ಟಿನ ಪಾತ್ರೆ, ಔಷಧಿ, ಎಲ್ಲ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಕೆಳಗೆ ಎರಡು ತಟ್ಟೆಗಳ ಜಾಗ ಖಾಲಿ ಇತ್ತು.

"ತಟ್ಟೆ ವಾಪಸು ಹಾಕಲಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದೆ.

"ಪೀಪಾ ಕಹಾಂ ರಖತೀ ಫಿರ್?" ಎಂದರು ಬೆನ್. ಮತ್ತೆ ಪೀಪಾಯಿಯನ್ನು ಎಲ್ಲಿಡುವುದು ಎಂದು, ನಾನು ಕೇಳಬಾರದ ಪ್ರಶ್ನೆ ಕೇಳಿದಂತೆ.

ಪೀಪಾಯಿಯನ್ನು ಒರೆಸಿ ಒಳಗಿಟ್ಟೆ. ಸರಿಯಾಗಿ ಕೂತಿತು. ಡ್ರಮ್ಮಿನ ತಣ್ಣೀರನ್ನು ಬೆನ್ ಗಿಡಗಳಿಗೆ ಹಾಕಿಸಿದರು. ಒಂದು ಹೂಕುಂಡದ ತಟ್ಟೆಯಲ್ಲಿ ನೀರು ನಿಂತದ್ದು ಕಂಡರೂ ನಾನು ಬಗ್ಗಿಸಲು ಹೋಗಲಿಲ್ಲ. ಸಂಜೆಯವರೆಗೆ ಕೂತು, ಇಬ್ಬರೂ ಲೋಟದ ಮೇಲೆ ಲೋಟ ಕುಡಿದು, ಹೋದವರ ಇದ್ದವರ ಸುದ್ದಿ ಮಾತಾಡಿದೆವು. ಹೊರಡುವಾಗ ಬೆನ್ ಪೀಪಾಯಿ ತೆಗೆದುಕೊಂಡು ಹೋಗು ಎಂದು ನೆನಪಿಸಿದರು. ಇನ್ನೂ ಅರ್ಧವಿದೆ, ಇರಲಿ ಎಂದೆ.

ಮನೆಗೆ ಬಂದಾಗ ಹಜಾರ ಎಂದಿನಂತೆ ಸದ್ದಿಲ್ಲದೆ ಇತ್ತು. ಖಾಲಿ ಡ್ರಮ್ಮನ್ನು ಮೂಲೆಗೆ ತಳ್ಳಿದೆ. ಅಷ್ಟು ಅಭಿಮಾನದಿಂದ ಕೂರಿಸಿದ ನಲ್ಲಿಯನ್ನು ಕಿತ್ತು ರಂಧ್ರವನ್ನು ಮೇಣ ಹಾಕಿ ಮುಚ್ಚಿದೆ. ಪೀಪಾಯಿ ಈಗಲೂ ಮುಲುಂಡಿನಲ್ಲೇ ಇದೆ. ಅದನ್ನು ತರಲೆಂದು ಶನಿವಾರ ಶನಿವಾರ ಹೋಗುತ್ತೇನೆ, ಪ್ರತಿ ಸಲವೂ ತರಲು ಮರೆತು ಬರುತ್ತೇನೆ.