ಬೇರೆ ಕಡೆ ಬಿದ್ದ ಕಾಮಾ

ಅವರ ಬಲಗಣ್ಣು ಎಡಗಣ್ಣಿಗಿಂತ ಸಣ್ಣದು. ಪ್ರಬಂಧದ ಹಾಳೆ ಕೈಗೆ ಬಂದರೆ ಅದನ್ನು ಇನ್ನಷ್ಟು ಕಿರಿದು ಮಾಡಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಳಿಸಿದ ಗುರುತು ಹುಡುಕುತ್ತಿದ್ದರು. ಪಾಂಡವಪುರದ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರಿಗೆ ಅನುಮಾನ ಹುಟ್ಟುಗುಣ. ಕ್ಯಾಂಟೀನಿನ ಟೀಯನ್ನೂ ಮೂಸದೆ ಕುಡಿದವರಲ್ಲ.

"ಉಸ್ರು ಕಟ್ಟಿದ ಕಡೆಯೆಲ್ಲ ಕಾಮಾ ಇಕ್ಬ್ಯಾಡಿ ಕಣ್ರಲಾ. ರಾಗಿ ಎರಚ್ದಂಗೆ ಎರಚ್ತೀರಲ್ಲ" ಎಂದು ಗೊಣಗುವರು. ಕಾಪಿ ಹೊಡೆದವರನ್ನು ಹಿಡಿಯುತ್ತಿದ್ದುದೂ ಕಾಮಾದಿಂದಲೇ. ಪದ ಬದಲಾಯಿಸುವ ಕಳ್ಳನಿಗೆ ಕಾಮಾ ಬದಲಾಯಿಸಲು ಪುರಸೊತ್ತಿರುವುದಿಲ್ಲ ಎನ್ನುವರು.

ಪ್ರಬಂಧ ಸ್ಪರ್ಧೆಗೆಂದು ನಮ್ಮ ಕಿರಂಗೂರಿನ ಹಾಲಿನ ಡೈರಿಯ ಮೇಲೆ ನಾನೊಂದು ಇಂಗ್ಲಿಷ್ ಪ್ರಬಂಧ ಬರೆದೆ. ಕಾಮಾಗಳೆಲ್ಲ ಸರಿಯಾಗಿದ್ದವು. ಅದೇ ತಪ್ಪಾಯಿತು.

"ಯಾರವ್ವ ಬರ್ಕೊಟ್ಟೋರು?"

"ನಾನೇ ಸಾರ್."

ಅವರು ನಂಬಲಿಲ್ಲ. ಸ್ಪರ್ಧೆಗೆ ಹೆಸರು ಹೋಗದಿದ್ದರೆ ಹೋಗಲಿ, ಕಳ್ಳಿ ಅನ್ನಿಸಿಕೊಂಡು ಅಪ್ಪನ ಮುಂದೆ ನಿಲ್ಲುವುದು ಹೇಗೆ ಎಂದು ನನಗೆ ಅಳು ಬಂತು. ಮೇಷ್ಟ್ರು ನನ್ನ ಹಾಳೆ ಕೈಯಲ್ಲಿ ಹಿಡಿದು, ಮೊದಲ ಪ್ಯಾರಾವನ್ನು ಒಂದೂ ಕಾಮಾ ಇಲ್ಲದೆ ಬೋರ್ಡಿನ ಮೇಲೆ ಬರೆದರು. ಸೀಮೆಸುಣ್ಣ ನನಗೆ ಕೊಟ್ಟರು.

ಒಂಬತ್ತು ಕಾಮಾ ಇಟ್ಟೆ. ಎಂಟು ಹಾಳೆಯಲ್ಲಿದ್ದಂತೆಯೇ ಬಿದ್ದವು, ಒಂದು ಬೇರೆ ಕಡೆ ಬಿತ್ತು. ಹಿಂದಿನ ಬೆಂಚಿನಿಂದ ಯಾರೋ "ಸಿಕ್ಕಾಕ್ಕಂಡ್ಲು" ಅಂದರು. ಎಲ್ಲರೂ ನಕ್ಕರು.

ಮೇಷ್ಟ್ರು ಬೋರ್ಡನ್ನೂ ಹಾಳೆಯನ್ನೂ ಬಹಳ ಹೊತ್ತು ನೋಡಿದರು.

"ನಗ್ಬ್ಯಾಡ್ರಲಾ. ಕದ್ದೋಳಾಗಿದ್ರೆ ಉರು ಹೊಡ್ಕಂಡು ಎಲ್ಲಾನೂ ಅಂಗಂಗೇ ಇಕ್ತಿದ್ಲು. ಇವ್ಳು ಇಲ್ ನಿಂತ್ಕಂಡು ಇನ್ನೊಂದ್ ಕಿತ ಯೋಚ್ನೆ ಮಾಡವ್ಳೆ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಕಣವ್ವ" ಅಂದರು, ಇಡೀ ತರಗತಿಯ ಮುಂದೆ.

ನನಗೇನೂ ಸಿಟ್ಟು ಇಳಿಯಲಿಲ್ಲ. ಊಟದ ಡಬ್ಬಿ ಮುಚ್ಚಳ ತೆಗೆಯದೆ ಮನೆಗೆ ಹೋದೆ. ಅವರ ಮೇಲೆ ಗೌರವ ಹುಟ್ಟಲು ನಾನೇ ಮೇಡಂ ಆಗಬೇಕಾಯಿತು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಮಾರನೆಯ ದಿನ ಕೆ.ಆರ್.ಪೇಟೆಯ ನನ್ನ ಕಾಲೇಜಿಗೆ ಹೋದರೆ, ಗೋವಿಂದನಹಳ್ಳಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪ್ರಬಂಧ ತಂದುಕೊಟ್ಟಳು. ಒಂದು ಕಾಮಾವೂ ತಪ್ಪಿರಲಿಲ್ಲ.

"ಫೋನಲ್ಲಿ ಬರೆಸ್ಕೊಂಡ್ಯಾ?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಇಲ್ಲ ಮಿಸ್, ನಾನೇ ಬರ್ದಿದ್ದು." ಅವಳ ಕಣ್ಣು ತುಂಬಿತ್ತು.

ನಾನು ಎದ್ದು ಅವಳ ಪ್ಯಾರಾವನ್ನು ಕಾಮಾ ಇಲ್ಲದೆ ಬೋರ್ಡಿನ ಮೇಲೆ ಬರೆದೆ. ಸೀಮೆಸುಣ್ಣ ಅವಳ ಕೈಗಿಟ್ಟೆ. ಅವಳು ಬೋರ್ಡಿನ ಮುಂದೆ ನಿಂತಳು. ಒಂದಾದರೂ ಕಾಮಾ ಬೇರೆ ಕಡೆ ಬೀಳಲಪ್ಪಾ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ.