ಸುದ್ದಿ ನಂಜುಂಡಪ್ಪನ ಸೈಕಲ್ಲು

ಹಂಗಳದ ನಂಜುಂಡಪ್ಪ ಮೂವತ್ತು ವರ್ಷ ಸೈಕಲ್ಲಿನಲ್ಲಿ ಊರೂರು ತಿರುಗಿ, ನೆಂಟರಿಷ್ಟರಿಗೆ ಸಾವಿನ ಸುದ್ದಿ ಮುಟ್ಟಿಸಿದವನು. ಹೊಸಿಲು ದಾಟುತ್ತಿರಲಿಲ್ಲ. ಮನೆಯವರಿಗೆ ಮೊದಲು ನೀರು ಕುಡಿಸಿ, ಆಮೇಲೆ ಸತ್ತವರ ಹೆಸರು ಹೇಳುತ್ತಿದ್ದ. ಈಗ ಹಾರ ಹಾಕಿದ ಫೋಟೊ ವಾಟ್ಸಾಪಿನಲ್ಲಿ ನೇರ ಅಡುಗೆಮನೆಗೇ ನುಗ್ಗುತ್ತದೆ. ಅದಕ್ಕೆ ಹೊಸಿಲೂ ಇಲ್ಲ, ನೀರೂ ಇಲ್ಲ ಎಂದು ಅವನಿಗೆ ಸಿಟ್ಟು. ನಾಲ್ಕು ವರ್ಷದಿಂದ ಆ ಕೆಲಸಕ್ಕೆ ಅವನನ್ನು ಯಾರೂ ಕರೆದಿಲ್ಲ.

ಮೊನ್ನೆ ಮಧ್ಯಾಹ್ನ ಅವರೆಕಾಯಿ ಕೊಡಲೆಂದು ಗುಂಡ್ಲುಪೇಟೆಯಲ್ಲಿರುವ ಅಣ್ಣನ ಮಗಳು ಶಿವಮಲ್ಲಮ್ಮನ ಮನೆಗೆ ಹೋದ. ಬಾಗಿಲಲ್ಲಿ ಆ ಸೈಕಲ್ಲು ಕಂಡದ್ದೇ ಅವಳ ಕೈಯಲ್ಲಿದ್ದ ಮೊರ ಜಾರಿ ಬಿತ್ತು.

"ಯಾರು ಚಿಕ್ಕಪ್ಪ?"

"ಯಾರೂ ಇಲ್ಲ ಕಣವ್ವ. ಕಾಯಿ ಕೊಟ್ಟೋಗನ ಅಂತ ಬಂದೆ, ಅಷ್ಟೇಯ."

"ಅಪ್ಪನಾ?"

"ನಿಮ್ಮಪ್ಪ ಹೊಲದಲ್ಲವ್ನೆ. ಬೆಳಿಗ್ಗೆ ಮಾತಾಡಿಸ್ಕಂಡೇ ಬಂದೆ."

ಅವಳು ನಂಬಲಿಲ್ಲ. ಅಷ್ಟರಲ್ಲಿ ಒಳಗೆ ಚಾರ್ಜಿಗಿಟ್ಟಿದ್ದ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಇಬ್ಬರೂ ಕದಲಲಿಲ್ಲ. ಕೊನೆಗೆ ಅವಳು ಒಳಕ್ಕೆ ತಿರುಗಿದಾಗ, ನಂಜುಂಡಪ್ಪನ ಬಾಯಿಂದ ಅವನಿಗೇ ತಿಳಿಯದಂತೆ ಮಾತು ಹೊರಟಿತು.

"ತಡಿ ಕಣವ್ವ. ಮೊದ್ಲು ಒಂದು ಲೋಟ ನೀರು ಕುಡಿ."