ಬನದ ಗೋಡೆಯ ಮೇಲಿನ ಪತಂಗ

ನನ್ನ ಹೆಂಡತಿ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಒಂದು ದಿನ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಮೇಡಂ ಫೋನು ಮಾಡಿದರು. ಅವರ ಪರಿಚಯ ನನಗಿರಲಿಲ್ಲ. ಮಂಗಳೂರಿನ ಆಸುಪಾಸಿನಲ್ಲಿ ಯಾವ ಯಾವ ಪತಂಗಗಳಿವೆ, ಎಲ್ಲಿ, ಯಾವಾಗ, ಯಾರಿಗೆ ಕಂಡವು ಎಂದು ಪಟ್ಟಿ ಮಾಡುವವರಂತೆ. ಅದಕ್ಕೊಂದು ವಾಟ್ಸಾಪ್ ಗ್ರೂಪೂ ಇತ್ತು. ಹೆಂಡತಿ ಅದರಲ್ಲಿದ್ದದ್ದು ನನಗೆ ಗೊತ್ತಿತ್ತು. ಆದರೆ ಅವಳ ಫೋನಿನಲ್ಲಿ ಹತ್ತಾರು ಗ್ರೂಪುಗಳಿದ್ದವು, ಇದೂ ಒಂದು ಎಂದುಕೊಂಡಿದ್ದೆ.

ಅವಳು ಕಾಟಿಪಳ್ಳದಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಕುದ್ರೋಳಿಯ ನಮ್ಮ ಮನೆಯಿಂದ ದಿನವೂ ಎರಡು ಬಸ್ಸು ಹತ್ತಿ ಹೋಗುತ್ತಿದ್ದಳು. ಅಂಗನವಾಡಿಯ ಜಗಲಿಯಲ್ಲಿ ರಾತ್ರಿಯಿಡೀ ಬಲ್ಬು ಉರಿಯುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಗೋಡೆ ತುಂಬ ಪತಂಗಗಳು ಕೂತಿರುತ್ತಿದ್ದವಂತೆ. ಮಕ್ಕಳು ನೋಡಿ ಮುಗಿಯುವವರೆಗೆ ಸಹಾಯಕಿಗೆ ಗುಡಿಸಲು ಹಿಡಿಸೂಡಿ ಮುಟ್ಟಲು ಬಿಡುತ್ತಿರಲಿಲ್ಲ. ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದಳು. ನಾನು ಮೀನುಗಾರಿಕೆಯ ಧಕ್ಕೆಯಲ್ಲಿ ಬೋಟಿನ ಇಂಜಿನು ರಿಪೇರಿ ಮಾಡುವವನು, ಎಂಟನೇ ಕ್ಲಾಸಿನವರೆಗೆ ಓದಿದವನು. ಊಟ ಮಾಡುತ್ತಾ ಹೂಂ ಎನ್ನುತ್ತಿದ್ದೆ.

"ಒಂದು ಫೋಟೋದ ವಿಷಯ ಕೇಳಬೇಕಿತ್ತು ಅಣ್ಣ. ಈಗ ಕೇಳುವುದು ಸರಿಯಾ ಅಂತ ಗೊತ್ತಿಲ್ಲ" ಎಂದರು ಮೇಡಂ.

"ಕೇಳಿ" ಎಂದೆ.

ಫೋಟೋ ಕಳಿಸಿದರು. ನನಗೆ ಕಂಡದ್ದು ಗೋಡೆಗೆ ಅಂಟಿದ ಒಂದು ಒಣ ಎಲೆ ಮಾತ್ರ. ದೊಡ್ಡದು ಮಾಡಿ ನೋಡಿದರೆ ಎಲೆಗೆ ಕಣ್ಣಿತ್ತು, ಕಾಲಿತ್ತು. ಅಡಿಯಲ್ಲಿ ಹೆಂಡತಿ ಬರೆದದ್ದು ಎರಡೇ ಶಬ್ದ: 'ಬನದ ಹತ್ತಿರ'.

ಇಂಥ ಪತಂಗಗಳಲ್ಲಿ ಎರಡು ಜಾತಿ ರೆಕ್ಕೆ ಮುಚ್ಚಿ ಕೂತಾಗ ಒಂದೇ ಥರ ಕಾಣುತ್ತವೆ ಎಂದು ಮೇಡಂ ವಿವರಿಸಿದರು. ಒಂದು ಎಲ್ಲ ಕಡೆಯೂ ಸಿಗುತ್ತದೆ. ಇನ್ನೊಂದು ಕಾಡಿನದ್ದು, ಘಟ್ಟದ ಬದಿಯದ್ದು. ಅವರ ಪಟ್ಟಿಯಲ್ಲಿ ಪೇಟೆಯ ಹತ್ತಿರ ಅದು ಕಂಡದ್ದೇ ಇಲ್ಲ. ವ್ಯತ್ಯಾಸ ಇರುವುದು ಒಳಗೆ ಅಡಗಿದ ಹಿಂದಿನ ರೆಕ್ಕೆಯಲ್ಲಿ. ಹೆಂಡತಿಯ ಫೋಟೋದಲ್ಲಿರುವುದು ಕಾಡಿನದ್ದೇ ಎಂದು ಅವರಿಗೆ ಅನುಮಾನ.

"ಆದರೆ ಜಾಗ ಗೊತ್ತಿಲ್ಲ, ಹಿಂದಿನ ರೆಕ್ಕೆ ಕಾಣುವುದಿಲ್ಲ. ಹೀಗೆ ಇದ್ದರೆ ಪಟ್ಟಿಯಿಂದ ಬಿಡಬೇಕಾಗ್ತದೆ."

ಆ ಒಂದೂವರೆ ತಿಂಗಳು ನಾನು ಮಾಡಿದ್ದು ಅವಳ ಹೆಸರು ತೆಗೆಸುವ ಕೆಲಸ. ರೇಷನ್ ಕಾರ್ಡಿನಿಂದ, ಬ್ಯಾಂಕಿನಿಂದ, ಗ್ಯಾಸಿನ ಪುಸ್ತಕದಿಂದ. ಎಲ್ಲಿ ಹೋದರೂ ಒಂದು ಅರ್ಜಿ, ಒಂದು ಗೆರೆ. ಅವಳ ಹೆಸರನ್ನು ಹೊಸದಾಗಿ ಬರೆಯಬಹುದಾದ ಜಾಗ ಇದೊಂದೇ ಉಳಿದಿತ್ತು. ಅಲ್ಲಿಯೂ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

"ಜಾಗ ನನಗೆ ಗೊತ್ತುಂಟು ಮೇಡಂ. ಬನ ಅಂದರೆ ನಮ್ಮ ಕುಟುಂಬದ ನಾಗಬನ" ಎಂದುಬಿಟ್ಟೆ.

ನಮ್ಮಲ್ಲಿ ಪ್ರತಿ ಕುಟುಂಬಕ್ಕೂ ಅದರದ್ದೇ ನಾಗಬನ, ನಾಗನ ಕಲ್ಲಿರುವ ಮರಗಳ ತೋಪು, ಇರುತ್ತದೆ. ಮನೆಯೊಳಗೆ ಬನ ಎಂದರೆ ಅದು ನಮ್ಮದೇ.

"ಹೌದಾ? ಅಲ್ಲಿ ಯಾವ ಮರಗಳುಂಟು?"

ಕೆಲವು ವರ್ಷಗಳ ಹಿಂದೆ ನಾವು ಬನವನ್ನು ಜೀರ್ಣೋದ್ಧಾರ ಮಾಡಿದ್ದೆವು. ಬೇರು ಕಟ್ಟೆ ಒಡೆಯುತ್ತದೆ ಎಂದು ಮರ ಕಡಿಸಿ, ಗ್ರಾನೈಟು ಹಾಕಿ, ಸುತ್ತ ಇಂಟರ್‌ಲಾಕ್ ಮಾಡಿಸಿದ್ದೆವು. ದೊಡ್ಡ ಮರ ಬೀಳಿಸುವಾಗ ಹಗ್ಗ ಹಿಡಿದವರಲ್ಲಿ ನಾನೂ ಇದ್ದೆ.

"ಒಂದು ತುಳಸಿ ಉಂಟು" ಎಂದೆ.

ಮೇಡಂ ನಕ್ಕರು, ಕೂಡಲೇ ತಡೆದುಕೊಂಡರು. "ಹಾಗಾದರೆ ಅದಲ್ಲ ಅಣ್ಣ."

ಫೋಟೋವನ್ನು ಎರಡು ದಿನ ನೋಡಿದೆ. ಕೆಂಪುಕಲ್ಲಿನ ಗೋಡೆ, ಪಾಚಿ, ಮೂಲೆಯಲ್ಲಿ ಹೃದಯದಾಕಾರದ ಒಂದು ಎಲೆ. ಭಾನುವಾರ ಕಳೆದು ಕಾಟಿಪಳ್ಳಕ್ಕೆ ಹೋದೆ. ಅಂಗನವಾಡಿಯ ಸಹಾಯಕಿಗೆ ಫೋಟೋ ತೋರಿಸಿದ್ದೇ ತಡ, "ಇದು ಹಿಂದಿನ ಬನ ಅಲ್ವಾ! ಮಕ್ಕಳು ಮಲಗಿದ ಮೇಲೆ ಟೀಚರ್ ಅಲ್ಲಿಗೆ ಹೋಗಿ ನಿಲ್ತಿದ್ದರು" ಎಂದಳು.

ಕಟ್ಟಡದ ಹಿಂದೆ, ಹೊಸ ಮನೆಗಳ ನಡುವೆ, ಐದಾರು ಸೆಂಟ್ಸಿನಷ್ಟು ಜಾಗದಲ್ಲಿ ಕಾಡು. ಬೇರೆ ಯಾರದೋ ಕುಟುಂಬದ ಬನ. ಮರಗಳ ಮೇಲೆ ಕೈಮುಷ್ಟಿಯಷ್ಟು ದಪ್ಪದ ಬಳ್ಳಿಗಳು. ಸುತ್ತ ಎದೆಯೆತ್ತರದ ಕೆಂಪುಕಲ್ಲಿನ ಗೋಡೆ. ನಾನು ಗೋಡೆಯಿಂದ ಒಂದು ಮಾರು ದೂರ ನಿಂತೆ. ಮನೆಯಲ್ಲಿ ಸಾವಾದರೆ ನಮ್ಮ ಕ್ರಮದಲ್ಲಿ ಒಂದು ವರ್ಷ ಬನಕ್ಕೆ ಕಾಲಿಡುವ ಹಾಗಿಲ್ಲ.

ಪಕ್ಕದ ಮನೆಯಿಂದ ಒಬ್ಬರು ಅಜ್ಜಿ ಬಂದರು. ಬನ ಅವರದ್ದು.

"ಯಾರು? ಜಾಗದ ಬ್ರೋಕರಾ?"

"ಅಲ್ಲ ಅಮ್ಮ. ಅಂಗನವಾಡಿ ಟೀಚರ್ ಇದ್ದರಲ್ಲ, ಅವರ ಗಂಡ."

ಅಜ್ಜಿಯ ಸ್ವರ ಇಳಿಯಿತು. "ಅಯ್ಯೋ ದೇವರೇ. ಅವರೂ ಅಲ್ಲೇ ನಿಲ್ಲುವುದು, ನೀವು ನಿಂತಲ್ಲಿ. ಒಳಗೆ ಬನ್ನಿ ಅಂದರೆ, ಇಲ್ಲಿಂದಲೇ ಕಾಣ್ತದೆ ಅಮ್ಮ ಅಂತ. ನಿಮಗೆ ಬನ್ನಿ ಅಂತ ಹೇಳುವ ಹಾಗಿಲ್ಲ, ವರ್ಷ ಆಗಲಿಲ್ಲ."

"ಗೊತ್ತುಂಟಮ್ಮ."

ಒಂದು ಬಳ್ಳಿ ಗೋಡೆ ದಾಟಿ ಹೊರಗೆ, ನನ್ನ ಕೈಗೆಟಕುವಷ್ಟು ಹತ್ತಿರ ಇಳಿಬಿದ್ದಿತ್ತು. ಫೋಟೋದ ಮೂಲೆಯಲ್ಲಿದ್ದ ಅದೇ ಎಲೆ, ಅಮೃತಬಳ್ಳಿ. ಪತಂಗ ಎಲ್ಲಿಯೂ ಇರಲಿಲ್ಲ. ಆದರೆ ಒಂದು ಎಲೆಯ ಅಂಚು ತಿಂದು ಹೋಗಿತ್ತು. ಅಡಿಯಲ್ಲಿ ಬೆರಳುದ್ದದ ಕಪ್ಪು ಹುಳ, ಮಖಮಲ್ಲಿನ ಹಾಗೆ. ಬದಿಯಲ್ಲಿ ಕಣ್ಣು ಬರೆದಂತೆ ಎರಡು ದುಂಡನೆಯ ಗುರುತು. ತಲೆ ಒಳಗೆ ಮಡಚಿ, ಗಾಳದ ಕೊಕ್ಕೆಯ ಹಾಗೆ ಬಾಗಿತ್ತು.

"ಛೀ, ಇದಕ್ಕಾ ಎರಡು ಬಸ್ಸು ಹತ್ತಿ ಬಂದದ್ದು?" ಎಂದರು ಅಜ್ಜಿ.

ಹುಳದ ಫೋಟೋ ತೆಗೆದು ಕಳಿಸಿದೆ. ಮೇಡಂ ಅರೆನಿಮಿಷದಲ್ಲಿ ಫೋನು ಮಾಡಿದರು. ಹುಳ ಆ ಎರಡು ಜಾತಿಗಳಲ್ಲಿ ಒಂದರದ್ದು, ಸಾಕಿದರೆ ರೆಕ್ಕೆ ನೋಡಬಹುದು, ಎಲೆ ಸಮೇತ ಮನೆಗೆ ತೆಗೆದುಕೊಂಡು ಹೋಗಿ ಎಂದರು. ಸ್ಪೀಕರಿನಲ್ಲಿ ಅಜ್ಜಿಗೂ ಕೇಳಿಸಿತು.

"ಎಲೆ ಸಮೇತವಾ? ಬನದ ಒಂದು ಕಡ್ಡಿ ಮುರಿಯುವ ಹಾಗಿಲ್ಲ ಮಾರಾಯ್ರೆ!"

"ಬಳ್ಳಿ ಗೋಡೆಯಿಂದ ಹೊರಗೆ ಉಂಟಲ್ಲ ಅಮ್ಮ."

"ಬುಡ ಎಲ್ಲಿ ಉಂಟು?"

"ಒಳಗೆ."

"ಮತ್ತೆ? ನೀವು ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿದರೆ ಆ ಕೈ ರಸ್ತೆಯದ್ದಾಗ್ತದಾ?"

ಅಜ್ಜಿ ಹುಳವನ್ನು ಇನ್ನೊಮ್ಮೆ ಬಗ್ಗಿ ನೋಡಿದರು.

"ಎಲೆ ನಾಗನದ್ದು. ಹುಳವನ್ನು ನಾವು ಒಪ್ಪಿಸಿದ್ದಲ್ಲ, ಅದರಷ್ಟಕ್ಕೆ ಬಂದದ್ದು. ಅದರಷ್ಟಕ್ಕೆ ಹೋಗುವುದಾದರೆ ಹೋಗಲಿ. ನೀವು ಬಳ್ಳಿ ಮುಟ್ಟಬೇಡಿ."

ಹಾಗೆ ತೀರ್ಮಾನವಾಯಿತು. ಎಲೆಯ ತುದಿಗೆ ಒಂದು ರಟ್ಟಿನ ತುಂಡು ಹಿಡಿದು ಕಾದೆ. ಹುಳ ತಿಂದಿತು, ನಿಂತಿತು, ಮತ್ತೆ ತಿಂದಿತು. ಕೈ ಸೋತಾಗ ಇನ್ನೊಂದು ಕೈಯಲ್ಲಿ ಹಿಡಿದೆ. ಅಜ್ಜಿ ಒಂದು ಸ್ಟೂಲು ತಂದುಕೊಟ್ಟರು, ಆಮೇಲೆ ಚಹಾ. ಹುಳಕ್ಕೆ ಕಾಲೆಷ್ಟು ಎಂದು ಇಬ್ಬರೂ ಎಣಿಸಿದೆವು. ಅವರ ಲೆಕ್ಕ ಒಂದು, ನನ್ನದು ಇನ್ನೊಂದು. ಎಲೆ ಮುಗಿದ ಮೇಲೆ ಅದು ತಲೆಯೆತ್ತಿ ಆಚೀಚೆ ಆಡಿಸಿತು. ಬಳಿಕ ಮುಂದಿನ ಕಾಲುಗಳನ್ನು ರಟ್ಟಿನ ಮೇಲಿಟ್ಟಿತು.

"ಹೋಯ್ತು ನೋಡಿ!" ಎಂದರು ಅಜ್ಜಿ, ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ.

ಕುದ್ರೋಳಿಯಲ್ಲಿ ನಮ್ಮ ನೆರೆಮನೆಯ ಬ್ಯಾರಿ ಹೆಂಗಸು ಗಂಡನ ಸಕ್ಕರೆ ಕಾಯಿಲೆಗೆ ಅಮೃತಬಳ್ಳಿ ಬೆಳೆಸಿದ್ದರು. ಕೇಳಲು ಹೋದೆ.

"ನಮ್ಮವರಿಗೆ ದಿನಕ್ಕೆ ಎರಡು ಎಲೆ. ನಿಮ್ಮ ಹುಳಕ್ಕೆ ಎಷ್ಟು ಬೇಕು ಅಣ್ಣ?"

"ಆರಾದರೂ ಬೇಕು."

"ಅಲ್ಲಾ! ಅದಕ್ಕೆ ಅಷ್ಟು ಶುಗರ್ ಉಂಟಾ?"

ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ನಕ್ಕದ್ದು ನೆನಪಾಗಿ ಸ್ವಲ್ಪ ಹೊತ್ತು ಕತ್ತಲೆಯಾದ ಅಡುಗೆಮನೆಯಲ್ಲಿ ಕೂತೆ. ಹುಳ ಡಬ್ಬಿಯೊಳಗೆ ತಿನ್ನುವ ಸದ್ದು ಕೇಳುತ್ತಿತ್ತು. ಹುಳ ತಿನ್ನುವಾಗ ಸದ್ದು ಬರುತ್ತದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೇ? ಕೇಳಿದ್ದರೆ ಹೇಳುತ್ತಿದ್ದಳು.

ನಾಲ್ಕನೇ ದಿನ ಅದು ಎರಡು ಎಲೆಗಳನ್ನು ನೂಲಿನಿಂದ ಹೊಲಿದುಕೊಂಡು ಒಳಗೆ ಸೇರಿತು. ಆಮೇಲೆ ಕಾಯುವ ಕೆಲಸ. ಧಕ್ಕೆಗೆ ಹೊರಡುವ ಮೊದಲು ನೋಡುತ್ತಿದ್ದೆ, ಬಂದ ಮೇಲೆ ನೋಡುತ್ತಿದ್ದೆ. ಸತ್ತುಹೋಯಿತೇ ಎಂದು ಮೇಡಂಗೆ ಎರಡು ಸಲ ಫೋನು ಮಾಡಿದೆ. ಎರಡು ವಾರ ಕಳೆದು ಒಂದು ಬೆಳಿಗ್ಗೆ ಡಬ್ಬಿಯ ಬಾಯಿಗೆ ಕಟ್ಟಿದ ಬಲೆಗೆ ಒಂದು ಒಣ ಎಲೆ ಅಂಟಿಕೊಂಡಿತ್ತು. ಕಣ್ಣಿತ್ತು, ಕಾಲಿತ್ತು.

ರೆಕ್ಕೆ ಮುಚ್ಚಿತ್ತು. ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನೋಡಬೇಕಿತ್ತು. ಹಿಡಿಸೂಡಿಯ ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಎಲೆ ಥಟ್ಟನೆ ಎರಡಾಗಿ ಬಿಚ್ಚಿಕೊಂಡಿತು. ಒಳಗೆ ಕಿತ್ತಳೆ ಬಣ್ಣ, ಅದರ ಮೇಲೆ ದಪ್ಪ ಕಪ್ಪು ಗುರುತು. ಅಷ್ಟು ಬಣ್ಣವನ್ನು ಒಳಗಿಟ್ಟುಕೊಂಡು ಅದು ಹಾಗೆ ಸುಮ್ಮನೆ ಕೂತಿತ್ತಲ್ಲ ಎಂದು ನನಗೆ ಆಶ್ಚರ್ಯವಾಯಿತು. ಮೂರು ಫೋಟೋ ತೆಗೆದೆ. ಎರಡು ಮಸುಕಾಗಿದ್ದವು, ಒಂದು ಸರಿ ಬಂತು.

ಅದೇ ದಿನ ಅದನ್ನು ತಂದ ಗೋಡೆಗೇ ಬಿಡಲು ಹೋದೆ. ಬಸ್ಸಿನಲ್ಲಿರುವಾಗ ಮೇಡಂ ಫೋನು ಮಾಡಿದರು. ಕಾಡಿನದ್ದೇ, ಸಂಶಯವಿಲ್ಲ ಎಂದರು. ಪಟ್ಟಿಯಲ್ಲಿ ಎರಡು ಸಾಲು ಬರೆಯುತ್ತಾರಂತೆ. ಮೊದಲನೆಯದು ಹೆಂಡತಿಯ ಫೋಟೋ: ಕಳಿಸಿದ ದಿನ, ಕಾಟಿಪಳ್ಳ, ಬನದ ಗೋಡೆ; ಹಿಂದಿನ ರೆಕ್ಕೆ ಕಂಡಿಲ್ಲ ಎಂಬ ಟಿಪ್ಪಣಿ, ಅದೇ ಬಳ್ಳಿಯ ಹುಳ ಸಾಕಿ ಜಾತಿ ಗುರುತಿಸಿದ್ದು ಎಂಬ ಇನ್ನೊಂದು ಟಿಪ್ಪಣಿ. ಎರಡನೆಯದು ನನ್ನದು.

"ಗ್ರೂಪಿನಲ್ಲಿ ಎಲ್ಲರೂ ಅವರನ್ನು ಕಾಟಿಪಳ್ಳ ಟೀಚರ್ ಅಂತಲೇ ಹೇಳುವುದು. ನೋಡಿದವರು ಅಂತ ಪೂರ್ತಿ ಹೆಸರು ಬರೆಯಬೇಕು. ಹೇಳ್ತೀರಾ ಅಣ್ಣ?"

ಅಷ್ಟು ವರ್ಷಗಳ ಸಂಸಾರದಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಸತ್ತ ಮೇಲೆ ಆ ಹೆಸರು ಹೇಳಿದ್ದೆಲ್ಲ ಕೌಂಟರುಗಳಲ್ಲಿ, ತೆಗೆಯಿರಿ ಎನ್ನುವುದಕ್ಕೆ. ಬಸ್ಸು ತುಂಬಿತ್ತು, ಹಾಡು ಹಾಕಿದ್ದರು. ಡಬ್ಬಿಯನ್ನು ಮಡಿಲಲ್ಲಿ ಗಟ್ಟಿ ಹಿಡಿದುಕೊಂಡು, ಮೇಡಂಗೆ ಬರೆದುಕೊಳ್ಳಲು ಆಗುವಷ್ಟು ನಿಧಾನವಾಗಿ, ಅವಳ ಪೂರ್ತಿ ಹೆಸರು ಹೇಳಿದೆ.

"ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದರು.

ಈ ಸಲ ದೊಡ್ಡದಾಗಿ ಹೇಳಿದೆ.